‘ಮತ್ತಿತರರು’ ಎಂಬ ಮದ್ದಳೆಗಾರರು

ಮಾನ್ಯ ಸಂಪಾದಕರೇ,

ದೀಪಾವಳಿ ಕಳೆಯಿತು, ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿ ಹೊರಟಿವೆ. ನಮ್ಮ ಊರಿನ ಗದ್ದೆಯಲ್ಲೂ ಕಳೆದ ವಾರ ಒಂದು ಹರಕೆಯಾಟವಾಯಿತು. ಅದರ ವರದಿಯನ್ನು ಮೂರನೇ ದಿನವೇ ಪ್ರಕಟಿಸಿದ್ದೀರಿ, ಸಂತೋಷ. ವೇದಿಕೆಗೆ ಬಂದು ಹತ್ತು ನಿಮಿಷ ಕುಳಿತು ಹೋದ ಅತಿಥಿಗಳ ಹೆಸರು ಸಾಲಾಗಿ ಬಂದಿದೆ. ಶಾಲು ಹೊದಿಸಿದವರ, ಹೊದಿಸಿಕೊಂಡವರ ಹೆಸರಿದೆ. ಮುಖ್ಯ ವೇಷಗಳ, ಪದ ಹೇಳಿದ ಭಾಗವತರ ಹೆಸರೂ ಇದೆ. ಆಮೇಲೆ ಕೊನೆಯ ಸಾಲು: ‘ಹಿಮ್ಮೇಳದಲ್ಲಿ ಮತ್ತಿತರರು ಸಹಕರಿಸಿದರು’.

ಹಿಮ್ಮೇಳದ ವಾದ್ಯ ನುಡಿಸುತ್ತ ರಾತ್ರಿಯಿಡೀ ಕಾಲು ಮಡಚಿ ಕುಳಿತು ಬೆರಳು ಸವೆಸಿದವರು ‘ಸಹಕರಿಸಿದ’ ‘ಮತ್ತಿತರರು’. ಈ ಎರಡು ಪದ ಒಟ್ಟಿಗೆ ಕಂಡಾಗಲೆಲ್ಲ ನನಗೆ ಮದ್ದಳೆಗಾರ ಹಿರಿಯಡಕ ಗೋಪಾಲ ರಾಯರು ನೆನಪಾಗುತ್ತಾರೆ. ಅವರ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನಿಮ್ಮ ವರದಿ ಅದಕ್ಕೆ ನೆಪವಾಯಿತು.

ಗೋಪಾಲ ರಾಯರು ಯಾರೂ ಅರಿಯದ ಕಲಾವಿದರೇನಲ್ಲ. ಜಾನಪದ ಶ್ರೀ ಪ್ರಶಸ್ತಿ ಅವರಿಗೆ ಬಂದಿತ್ತು, ಸನ್ಮಾನಗಳಿಗೂ ಕೊರತೆ ಇರಲಿಲ್ಲ. ಆದರೆ ಅವು ಹೆಚ್ಚಾಗಿ ಬಂದದ್ದು ವಯಸ್ಸಾದ ಮೇಲೆ. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ಹಿರಿಯಡಕದಲ್ಲಿ 1919ರಲ್ಲಿ ಹುಟ್ಟಿದವರು ಅವರು. ಹರೆಯದಲ್ಲೇ ಮೇಳ ಸೇರಿದರು. ಪೆರ್ಡೂರು, ಮಂದಾರ್ತಿ ಮೇಳಗಳಲ್ಲಿ ಮದ್ದಳೆ ನುಡಿಸುತ್ತ ಅವರು ಎಷ್ಟು ರಾತ್ರಿಗಳನ್ನು ಬೆಳಗು ಮಾಡಿದರೋ, ಲೆಕ್ಕ ಇಟ್ಟವರಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ಗ್ಯಾಸ್‌ಲೈಟಿನ ಬೆಳಕಿನಲ್ಲಿ. ಆಟಕ್ಕೆ ಹೋದರೆ ಅಮ್ಮ ನಮ್ಮನ್ನು ಹಿಮ್ಮೇಳದ ಮಗ್ಗುಲಲ್ಲೇ ಚಾಪೆ ಹಾಸಿ ಮಲಗಿಸುತ್ತಿದ್ದರು. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವಾಗ ಚೆಂಡೆಯ ಸದ್ದಿಗೆ ಮಕ್ಕಳು ತಾವಾಗಿಯೇ ಏಳಲಿ ಎಂಬುದು ಅವರ ಉಪಾಯ. ಹಾಗೆ ಎದ್ದು ಕಣ್ಣುಜ್ಜಿಕೊಂಡು ನೋಡಿದರೆ ಎದುರಿಗೆ ವೇಷ ಕಾಣುತ್ತಿರಲಿಲ್ಲ, ಮದ್ದಳೆಗಾರರ ಮುಖ ಕಾಣುತ್ತಿತ್ತು. ಅವರು ಮದ್ದಳೆಯನ್ನು ನೋಡುತ್ತಿರಲಿಲ್ಲ, ಕೈಯನ್ನೂ ನೋಡುತ್ತಿರಲಿಲ್ಲ. ಕಣ್ಣು ವೇಷದ ಪಾದದ ಮೇಲಿರುತ್ತಿತ್ತು. ಕಾಲು ನೆಲಕ್ಕೆ ತಾಗುವುದಕ್ಕೂ ಮದ್ದಳೆಯ ಬಲದ ಮುಚ್ಚಿಗೆಯ, ಅಂದರೆ ಚರ್ಮದ ಹೊದಿಕೆಯ, ಮೇಲೆ ಬೆರಳು ಬೀಳುವುದಕ್ಕೂ ನಡುವೆ ಒಂದು ಕೂದಲೆಳೆಯಷ್ಟೂ ಸಂದು ಇರುತ್ತಿರಲಿಲ್ಲ. ಕುಣಿಯುವವನಿಗೆ ದಣಿವಾಗಿದ್ದರೆ ಮದ್ದಳೆ ಅವನನ್ನು ಓಡಿಸುತ್ತಿರಲಿಲ್ಲ. ಒಂದು ಆವರ್ತ ಹಗುರಾಗಿ ಸಾಗಿ ಉಸಿರು ತೆಗೆದುಕೊಳ್ಳಲು ಬಿಟ್ಟು, ಮುಕ್ತಾಯಕ್ಕೆ ಮತ್ತೆ ಎತ್ತಿ ನಿಲ್ಲಿಸುತ್ತಿತ್ತು. ಚಪ್ಪಾಳೆ ಮಾತ್ರ ಕುಣಿದವನಿಗೆ. ಹಾರಾಡಿ ರಾಮ ಗಾಣಿಗರ ವೇಷಕ್ಕೆ ಗೋಪಾಲ ರಾಯರ ಮದ್ದಳೆ ಎಂದು ಹಳಬರು ಇಂದಿಗೂ ಜೋಡಿಸಿಯೇ ಹೇಳುವುದು ಇದಕ್ಕಾಗಿ.

ಏರು ಮದ್ದಳೆಯ ವಿಷಯವನ್ನು ಹೊಸ ತಲೆಮಾರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದೆ ಬಡಗುತಿಟ್ಟಿನಲ್ಲಿ, ಅಂದರೆ ಯಕ್ಷಗಾನದ ಉತ್ತರದ ಶೈಲಿಯಲ್ಲಿ, ಬಳಸುತ್ತಿದ್ದ ಮದ್ದಳೆಯ ಶ್ರುತಿ ತಗ್ಗಿನದು. ಅದನ್ನು ಭಾಗವತರ ಏರು ಕಂಠಕ್ಕೆ ಸರಿಯಾಗಿ ಮೇಲೆ ಹತ್ತಿಸಿ, ಆ ಶ್ರುತಿಯ ಮದ್ದಳೆಯನ್ನು ರಂಗಸ್ಥಳದಲ್ಲಿ ನೆಲೆಗೊಳಿಸಿದ ಕೀರ್ತಿಯನ್ನು ಹಿಮ್ಮೇಳದವರು ಗೋಪಾಲ ರಾಯರಿಗೇ ಕೊಡುತ್ತಾರೆ. ಕೇಳಲು ಸಣ್ಣ ಬದಲಾವಣೆ. ಆದರೆ ಚರ್ಮವನ್ನು ಅಷ್ಟು ಬಿಗಿದು, ಇಬ್ಬನಿ ಬೀಳುವ ಗದ್ದೆಯಲ್ಲಿ ಬೆಳಗಿನ ಜಾವದವರೆಗೆ ಅದನ್ನು ಶ್ರುತಿಯಲ್ಲಿ ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ನುಡಿಸಿದವರೇ ಹೇಳಬೇಕು. ಈಗ ಬಡಗಿನ ಪದ್ಯವೆಂದರೆ ಆ ಕಂಚಿನಂಥ ನಾದವೇ ಕಿವಿಗೆ ಬರುತ್ತದೆ. ಅದು ಮೊದಲಿನಿಂದಲೂ ಹೀಗೆಯೇ ಇತ್ತೆಂದು ನಮ್ಮ ಹುಡುಗರು ತಿಳಿದಿದ್ದಾರೆ. ಹೆಸರಿಲ್ಲದೆ ಎಲ್ಲರದ್ದಾಗಿಬಿಟ್ಟಿದೆ.

1971ರಲ್ಲಿ ಉಡುಪಿಯಲ್ಲಿ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಅದರ ಬೆನ್ನಿಗೆ ಶಿವರಾಮ ಕಾರಂತರು, ಕು.ಶಿ. ಹರಿದಾಸ ಭಟ್ಟರು ಇದ್ದರು. ಹೆಜ್ಜೆಗೆ ವೀರಭದ್ರ ನಾಯಕರು, ಭಾಗವತಿಕೆಗೆ ನೀಲಾವರ ರಾಮಕೃಷ್ಣಯ್ಯನವರು, ಮದ್ದಳೆಗೆ ಗೋಪಾಲ ರಾಯರು. ಇಂಥ ಮೂವರು ಒಂದೇ ಸೂರಿನಡಿ ಪಾಠ ಹೇಳಿದ್ದು ಈ ಕಲೆಯ ಭಾಗ್ಯವೆಂದೇ ನನ್ನ ಎಣಿಕೆ. ಐವತ್ತರ ಆಸುಪಾಸಿನಲ್ಲಿ, ಮೇಳದ ತಿರುಗಾಟದಿಂದ ಕೈಗಂಟಿದ್ದ ವಿದ್ಯೆಯನ್ನು ಬಿಡಿಸಿ ಬಿಡಿಸಿ ಹುಡುಗರ ಬಾಯಿಗೆ ಹಾಕುವ ಕೆಲಸಕ್ಕೆ ಗೋಪಾಲ ರಾಯರು ಕುಳಿತರು. ನುಡಿಸಲು ಬಂದವರಿಗೆಲ್ಲ ಕಲಿಸಲು ಬರುವುದಿಲ್ಲ. ಮೇಳದಲ್ಲಿ ಕಲಿಕೆಯೆಂದರೆ ನೋಡಿ ಕದಿಯುವುದು. ಗುರುವಿಗೆ ಮನಸ್ಸು ಬಂದರೆ ಒಂದು ಬಿಡ್ತಿಗೆಯ ಪಾಠ, ಇಲ್ಲವಾದರೆ ವರ್ಷವಿಡೀ ಬಣ್ಣ ಹಚ್ಚುವ ಚೌಕಿಯಲ್ಲಿ ನೀರು ಹೊರುವುದು. ಅಂಥದ್ದನ್ನು ದಿನಕ್ಕಿಷ್ಟು ಪಾಠ, ವಾರಕ್ಕೊಂದು ತಾಳ ಎಂದು ಕ್ರಮಕ್ಕೆ ತರುವಾಗ ಕಲೆಯ ಜೀವ ಹೋಗದಂತೆ ನೋಡಿಕೊಳ್ಳಬೇಕು. ಅವರು ನೋಡಿಕೊಂಡರು.

ಅಮೆರಿಕದಿಂದ ಬಂದ ಮಾರ್ತಾ ಆಸ್ಟನ್ ಎಂಬ ವಿದುಷಿಗೂ ಅವರೇ ಗುರು. ಆಕೆ ಹೆಜ್ಜೆ, ತಾಳ ಕಲಿತು, ಬ್ರೂಸ್ ಕ್ರಿಸ್ಟಿ ಅವರ ಜೊತೆ ಸೇರಿ 1977ರಲ್ಲಿ ಯಕ್ಷಗಾನದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ತಂದರು. ಕಡಲಾಚೆಯವರಿಗೆ ಸಿಕ್ಕ ಗೋಪಾಲ ರಾಯರು ನಮ್ಮ ಸ್ಥಳೀಯ ಪುಟದವರಿಗೆ ಯಾಕೆ ತಡವಾಗಿ ಸಿಕ್ಕರು ಎಂದು ನಾನು ಕೇಳುವುದಿಲ್ಲ. ಕೇಳಿದರೆ ನಿಮಗೆ ಬೇಸರವಾದೀತು.

ನನ್ನದೂ ಒಂದು ಸಣ್ಣ ಎಳೆ ಇಲ್ಲಿದೆ. ನಮ್ಮೂರಿನಲ್ಲಿ ನನಗೆ ಮದ್ದಳೆ ಹೇಳಿಕೊಟ್ಟವರು ಹಗಲು ಗದ್ದೆ ಕೆಲಸ ಮಾಡುತ್ತಿದ್ದ ಒಬ್ಬ ಹವ್ಯಾಸಿ ಮದ್ದಳೆಗಾರರು. ಅವರ ಜಗಲಿಯಲ್ಲಿ ಇದ್ದದ್ದು ಒಂದೇ ಮದ್ದಳೆ, ಹುಡುಗರು ನಾವು ಏಳು ಮಂದಿ. ಮೂರು ತಿಂಗಳು ಬರೀ ಬಾಯಿತಾಳ, ತೊಡೆಯ ಮೇಲೆ ಪೆಟ್ಟು. ರೂಪಕ, ಝಂಪೆ, ತ್ರಿವುಡೆ ಎಂದು ಹೇಳಿ ಹೇಳಿ ತೊಡೆ ಕೆಂಪಾದ ಮೇಲೆಯೇ ಮುಚ್ಚಿಗೆ ಮುಟ್ಟಲು ಅಪ್ಪಣೆ. ಯಾರಾದರೂ ಕಾಲಕ್ಕಿಂತ ಮುಂದೆ ಓಡಿದರೆ ಅವರು ಬೈಯುತ್ತಿರಲಿಲ್ಲ. ಸುಮ್ಮನೆ ಎದ್ದು ಅಂಗಳಕ್ಕಿಳಿದು, ಮಣ್ಣು ಮೆತ್ತಿದ ಕಾಲಿನಲ್ಲೇ ಎರಡು ಹೆಜ್ಜೆ ಕುಣಿದು ತೋರಿಸಿ, ಈ ಕಾಲನ್ನು ನೋಡಿ ನುಡಿಸು ಎನ್ನುತ್ತಿದ್ದರು. ಇದು ಗೋಪಾಲ ರಾಯರ ಕ್ರಮ ಎಂದು ಸೇರಿಸುವುದನ್ನು ಮಾತ್ರ ಎಂದೂ ಮರೆಯುತ್ತಿರಲಿಲ್ಲ. ನನ್ನ ಕೈ ಬ್ಯಾಂಕಿನ ಲೆಕ್ಕಕ್ಕೆ ಹೋಯಿತು, ಮದ್ದಳೆ ಅಟ್ಟಕ್ಕೆ ಹೋಯಿತು. ಆದರೆ ಇಂದಿಗೂ ಆಟಕ್ಕೆ ಹೋದರೆ ಮೊದಲು ಕಣ್ಣು ಹೋಗುವುದು ವೇಷದ ಪಾದದ ಕಡೆಗೆ.

ಹಾಗೆ ನೋಡುವ ಚಾಳಿ ಇರುವುದರಿಂದಲೇ ಈಚೆಗೆ ಸ್ವಲ್ಪ ಕಿರಿಕಿರಿಯೂ ಆಗುತ್ತದೆ. ಈಗಿನ ಹುಡುಗರ ಬೆರಳಿನ ಚುರುಕು ನಮ್ಮ ಕಾಲದಲ್ಲಿ ಇರಲಿಲ್ಲ, ಒಪ್ಪುತ್ತೇನೆ. ಮೊಬೈಲಿನಲ್ಲಿ ಅವರ ತುಣುಕುಗಳನ್ನು ಸಾವಿರಾರು ಜನ ನೋಡುತ್ತಾರೆ, ಅದೂ ಸಂತೋಷವೇ. ಆದರೆ ಚೆಂಡೆ ಮತ್ತು ಮದ್ದಳೆ ಒಂದನ್ನೊಂದು ಸೋಲಿಸಲು ಹೊರಟು ಐದು ನಿಮಿಷ ಕಾಳಗವಾಡುವಾಗ, ನಡುವೆ ವೇಷ ಸೊಂಟಕ್ಕೆ ಕೈಕೊಟ್ಟು ನಿಂತಿರುವುದನ್ನು ಕಂಡರೆ ನನಗೆ ಗೋಪಾಲ ರಾಯರ ಆ ದೃಷ್ಟಿ ನೆನಪಾಗುತ್ತದೆ. ಹೆಸರು ಬರಬೇಕಾದರೆ ಸದ್ದು ಮಾಡಲೇಬೇಕು ಎಂಬ ಸ್ಥಿತಿಗೆ ಹಿಮ್ಮೇಳದವರನ್ನು ತಂದವರಲ್ಲಿ, ‘ಮತ್ತಿತರರು’ ಎಂದು ಬರೆಯುವ ನೀವೂ, ಅದನ್ನು ಓದಿ ಸುಮ್ಮನಿರುವ ನಾವೂ ಸೇರಿದ್ದೇವೆ ಎಂದು ನನ್ನ ಗುಮಾನಿ.

ಗೋಪಾಲ ರಾಯರು ತೀರಿಕೊಂಡದ್ದು 2020ರ ಅಕ್ಟೋಬರ್ 17ರಂದು, ಹಿರಿಯಡಕದ ಬಳಿಯ ಓಂತಿಬೆಟ್ಟಿನಲ್ಲಿ. ತುಂಬು ಬದುಕು, ಸಂದೇಹವಿಲ್ಲ. ಆದರೆ ಅದು ಎಂಥ ವರ್ಷವೆಂದು ನೆನಪಿಸಿಕೊಳ್ಳಿ. ಮಾರ್ಚಿನಲ್ಲಿ ಕೊರೊನಾ ಬಂದು ಮೇಳಗಳು ತಿರುಗಾಟ ಮುಗಿಯುವ ಪತ್ತನಾಜೆಗೂ ಕಾಯದೆ ಅರ್ಧ ತಿರುಗಾಟದಲ್ಲೇ ಗೆಜ್ಜೆ ಬಿಚ್ಚಿದ್ದವು. ಮುಂದಿನ ತಿರುಗಾಟ ಹೊರಡುತ್ತದೆಯೋ ಇಲ್ಲವೋ ಎಂಬುದೇ ಆಗ ಯಾರಿಗೂ ಗೊತ್ತಿರಲಿಲ್ಲ. ಜಿಲ್ಲೆಯ ಗದ್ದೆಗಳಲ್ಲಿ ಏಳು ತಿಂಗಳಿನಿಂದ ಆಟ ಇದೆಯೆಂದು ಸಾರುವ ಕೇಳಿಯ ಚೆಂಡೆಯ ಸದ್ದೇ ಇರಲಿಲ್ಲ. ನೂರು ವರ್ಷ ಮದ್ದಳೆಯ ನಾದದಲ್ಲಿ ಬದುಕಿದವರು ಅಂಥ ಮೌನದಲ್ಲಿ ಹೊರಟರು. ಮಾಸ್ಕ್ ಹಾಕಿಕೊಂಡು ಹೋಗಿ ಬರಲೂ ನನಗಾಗಲಿಲ್ಲ, ಅದು ಇನ್ನೂ ಚುಚ್ಚುತ್ತದೆ.

ಪ್ರತಿಮೆ, ರಸ್ತೆಗೆ ಹೆಸರು ಮುಂತಾದ ಬೇಡಿಕೆಗಳನ್ನು ನಿಮ್ಮ ಮುಂದಿಡುವುದಿಲ್ಲ. ಅವುಗಳಿಗೆ ಸಮಿತಿಗಳಿವೆ. ನನ್ನ ಬೇಡಿಕೆ ನಿಮ್ಮ ಕೈಯಲ್ಲೇ ಆಗುವಂಥದ್ದು. ಆಟದ ವರದಿ ಕಳುಹಿಸುವ ನಿಮ್ಮ ಬಿಡಿ ವರದಿಗಾರರಿಗೆ, ಮದ್ದಳೆ ಮತ್ತು ಚೆಂಡೆ ನುಡಿಸಿದವರ ಹೆಸರಿಲ್ಲದೆ ವರದಿ ತೆಗೆದುಕೊಳ್ಳುವುದಿಲ್ಲ ಎಂದು ಒಂದು ಮಾತು ಹೇಳಿ. ಜಾಗ ಸಾಲದಿದ್ದರೆ ಅತಿಥಿಗಳಲ್ಲಿ ಇಬ್ಬರನ್ನು ಬಿಡಿ. ಅವರು ಹೇಗೂ ಚೌಕಿಪೂಜೆಗಿಂತ ಮೊದಲೇ ಹೊರಟಿರುತ್ತಾರೆ.

ಅಂದು ರಾತ್ರಿ ನಮ್ಮೂರಿನಲ್ಲಿ ಮದ್ದಳೆಗೆ ಕುಳಿತ ಇಬ್ಬರ ಹೆಸರನ್ನು, ಬೆಳಿಗ್ಗೆ ಮಂಗಳವಾದ ಮೇಲೆ ಚೌಕಿಗೆ ಹೋಗಿ ಕೇಳಿ ಬರೆದುಕೊಂಡೆ. ಅದರಲ್ಲಿ ಒಬ್ಬರು ಹೆಸರು ಯಾಕೆ ಬೇಕು ಎಂದು ಗಾಬರಿಯಿಂದ ಎರಡು ಸಲ ಕೇಳಿದರು. ಆ ಚೀಟಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ತಿದ್ದುಪಡಿಗೆ ಎರಡು ಸಾಲಿನ ಜಾಗ ಸಾಕು.

ಇಂತಿ,
ನಿಮ್ಮ ಹಳೆಯ ಓದುಗ,
ಹಿರಿಯಡಕ