ಎಳೆತದ ಅಂಕಿಯೊಂದನ್ನೇ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ಹರಿದ ಸ್ನಾಯುರಜ್ಜುವನ್ನು ಮೂಳೆಗೆ ಕೂಡಿಸುವ ಸ್ವದೇಶಿ ಆಂಕರ್‌ಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ವಿದೇಶಿ ಮಾಲಿಗಿಂತ ಹೆಚ್ಚು ಎಳೆತ ತಡೆಯುತ್ತದೆ ಎಂಬುದನ್ನೇ ಅದರಲ್ಲಿ ದೊಡ್ಡ ಸಾಧನೆಯಾಗಿ ಬಣ್ಣಿಸಲಾಗಿದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಂಥವೇ ಆಂಕರ್‌ಗಳ ತಪಾಸಣೆ ಮಾಡುತ್ತಾ ನಿವೃತ್ತನಾದವನು ನಾನು. ನಮ್ಮವರು ಮಾಡಿದ್ದಾರೆ ಎಂಬ ಹೆಮ್ಮೆ ನನಗೂ ಇದೆ. ಆದರೆ ಆ ಅಂಕಿಗೆ ಅಷ್ಟೊಂದು ಮರ್ಯಾದೆ ಕೊಡುವುದನ್ನು ಒಪ್ಪಲಾರೆ.

ರೋಟೇಟರ್ ಕಫ್, ಅಂದರೆ ಭುಜದ ಕೀಲನ್ನು ಸುತ್ತುವರಿದ ಸ್ನಾಯುರಜ್ಜುಗಳ ಗುಂಪು, ಹರಿದರೆ ತೋಳು ಮೇಲೆತ್ತುವುದೇ ಕಷ್ಟವಾಗುತ್ತದೆ. ಹಿಂದೆ ಶಸ್ತ್ರಚಿಕಿತ್ಸಕರು ಮೂಳೆಯಲ್ಲೇ ಸುರಂಗ ಕೊರೆದು ದಾರ ಹಾಯಿಸಿ ಕಟ್ಟುತ್ತಿದ್ದರು. 1980ರ ದಶಕದಿಂದೀಚೆಗೆ ಆಂಕರ್‌ಗಳು ಬಂದವು. ಸುಮಾರು 5 ಮಿ.ಮೀ. ದಪ್ಪದ ತಿರುಪನ್ನು ಮೂಳೆಯೊಳಗೆ ಕೂರಿಸಿ, ಅದರ ಕಣ್ಣಿನಲ್ಲಿ ಪೋಣಿಸಿದ ದಾರದಿಂದ ರಜ್ಜುವನ್ನು ಮೂಳೆಗೆ ಒತ್ತಿ ಬಿಗಿಯುತ್ತಾರೆ. ಮುಂದೆ ಕೂಡಿಕೊಳ್ಳುವ ಕೆಲಸ ದೇಹದ್ದು. ಮೊದಲ ಕೆಲವು ತಿಂಗಳು ರಜ್ಜು ಜಾರದಂತೆ ಹಿಡಿದಿಟ್ಟರೆ ಆಂಕರಿನ ಕರ್ತವ್ಯ ಮುಗಿಯಿತು.

ಪ್ರಯೋಗಾಲಯದಲ್ಲಿ ಎಳೆದು ನೋಡುವುದು ಸಾಮಾನ್ಯವಾಗಿ ಮನುಷ್ಯನ ಮೂಳೆಯಿಂದಲ್ಲ, ಪಾಲಿಯುರೆಥೇನ್ ಫೋಮ್ ತುಂಡಿನಿಂದ. ಒಂದು ತುಂಡು ಇನ್ನೊಂದರಂತೆಯೇ ಇರುವುದರಿಂದ ಹೋಲಿಕೆಗೆ ಅದು ಅನುಕೂಲ, ನನ್ನ ತಕರಾರು ಅದಕ್ಕಲ್ಲ. ಘನ ಸೆಂಟಿಮೀಟರಿಗೆ 0.32 ಗ್ರಾಂ ತೂಗುವ ಫೋಮ್‌ನಲ್ಲಿ ಜಗ್ಗಿದರೂ ಕದಲದ ಆಂಕರ್ 0.16 ಗ್ರಾಂನ ಫೋಮ್‌ನಿಂದ ಸಲೀಸಾಗಿ ಕಿತ್ತು ಬರುತ್ತದೆ. ಮೊದಲನೆಯದು ಗಟ್ಟಿ ಮೂಳೆಯ ಪ್ರತಿನಿಧಿ, ಎರಡನೆಯದು ಟೊಳ್ಳಾದ ಮೂಳೆಯದು. ರೋಟೇಟರ್ ಕಫ್ ಹರಿದುಕೊಂಡು ಬರುವವರಲ್ಲಿ ವಯಸ್ಸಾದವರೇ ಹೆಚ್ಚು. ಬಹುಕಾಲದಿಂದ ಹರಿದ ಭುಜದಲ್ಲಿ ಎಳೆತವಿಲ್ಲದೆ ಆ ಜಾಗದ ಮೂಳೆ ಇನ್ನಷ್ಟು ಸೊರಗಿರುತ್ತದೆ. ಕರಪತ್ರದಲ್ಲಿ ಅಚ್ಚಾಗುವುದು ಮಾತ್ರ ಯಾವಾಗಲೂ ಗಟ್ಟಿ ಫೋಮ್‌ನ ಅಂಕಿ! ಕನಿಷ್ಠ ನನ್ನ ಕಣ್ಣಿಗೆ ಬಿದ್ದ ಕರಪತ್ರಗಳೆಲ್ಲ ಹಾಗೆಯೇ ಇದ್ದವು.

ಅಲ್ಲದೆ, ಒಂದೇ ಸಲ ಜೋರಾಗಿ ಎಳೆದು ಕೀಳುವ ಪ್ರಸಂಗ ದೇಹದಲ್ಲಿ ಅಪರೂಪ. ಅಲ್ಲಿರುವುದು ಸಣ್ಣ ಎಳೆತ, ಅದೂ ಸಾವಿರಾರು ಸಲ. ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ದಾರಕ್ಕೆ ಭಾರ ಬೀಳುತ್ತದೆ. ಆಗ ಆಂಕರ್ ಕಿತ್ತು ಬರದಿದ್ದರೂ ಕೂದಲೆಳೆಯಷ್ಟು ಸಡಿಲವಾಗಬಹುದು. ರಜ್ಜು ಮತ್ತು ಮೂಳೆಯ ನಡುವೆ ಬಿರುಕು ಬಿಟ್ಟರೆ ಕೂಡಿಕೊಳ್ಳುವ ಕೆಲಸ ಕೆಡುತ್ತದೆ. ಅಂಕಿ ಕೊಡುವವರು ಇದನ್ನೂ ಅಳೆದು ಹೇಳಲಿ.

ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಆಂಕರಿನ ಕಣ್ಣಿನ ಬಗ್ಗೆ. ಟೈಟಾನಿಯಂ ಜಿಗುಟು ಲೋಹ. ಕೊರೆದ ತೂತಿನ ಬಾಯಲ್ಲಿ ಬರ್, ಅಂದರೆ ಲೋಹದ ಚೂಪು ಸಿಬಿರು, ಉಳಿಯುವುದು ಸುಲಭ, ಅದನ್ನು ತೆಗೆಯುವುದು ಕಷ್ಟ. ಬರಿಗಣ್ಣಿಗೆ ಥಳಥಳ ಹೊಳೆಯುವ ಕಣ್ಣನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳ ಅಂಚಿನಲ್ಲಿ ಗರಗಸದ ಹಲ್ಲು ಕಾಣುತ್ತದೆ. ಶಸ್ತ್ರಚಿಕಿತ್ಸಕರು ಗಂಟನ್ನು ಜಾರಿಸುವಾಗ ದಾರ ಅದೇ ಅಂಚಿನ ಮೇಲೆ ಉಜ್ಜಿಕೊಂಡು ಓಡಬೇಕು. ಒಂದೆರಡು ಎಳೆ ಸವೆದರೂ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಬರ್ ಇದ್ದ ಮಾಲನ್ನು ನಾನು ವಾಪಸು ಕಳಿಸಿದಾಗ, ಎಳೆತ ಪರೀಕ್ಷೆಯಲ್ಲಿ ಪಾಸಾಗಿದೆಯಲ್ಲ ಎಂದು ಉತ್ಪಾದನಾ ವಿಭಾಗದವರು ಮುಖ ಗಂಟಿಕ್ಕುತ್ತಿದ್ದರು. ಪಾಸಾದದ್ದು ತಿರುಪು, ಕಣ್ಣಲ್ಲ.

ಈಗಿನ ದಾರಗಳು ಅತಿ ಹೆಚ್ಚು ಅಣುತೂಕದ ಪಾಲಿಎಥಿಲೀನ್‌ನಿಂದ ಹೆಣೆದವು, ಸುಲಭಕ್ಕೆ ಹರಿಯುವುದಿಲ್ಲ. ಹಾಗಾಗಿ ಸೋಲುವ ಜಾಗವೇ ಬದಲಾಗಿದೆ. ಗಟ್ಟಿ ದಾರ ಮೆತ್ತನೆಯ ರಜ್ಜುವನ್ನೇ ಕೊಯ್ದುಕೊಂಡು ಬರುತ್ತದೆ. ಅದಕ್ಕೆಂದೇ ಪಟ್ಟಿಯಂಥ ಅಗಲ ದಾರಗಳು ಬಂದಿವೆ. ಆಂಕರನ್ನು ಯಾವ ಕೋನದಲ್ಲಿ ಕೂರಿಸಬೇಕೆಂಬುದೂ ಇನ್ನೂ ತೀರ್ಮಾನವಾಗದ ಜಗಳ. ಗುಡಾರದ ಗೂಟವನ್ನು ಎಳೆತಕ್ಕೆ ವಿರುದ್ಧವಾಗಿ ವಾಲಿಸಿ ಹೊಡೆದಂತೆ ಸುಮಾರು 45 ಡಿಗ್ರಿಯಲ್ಲಿ ಕೂರಿಸಬೇಕೆಂದು ಅಮೆರಿಕದ ಶಸ್ತ್ರಚಿಕಿತ್ಸಕ ಸ್ಟೀಫನ್ ಬರ್ಕ್‌ಹಾರ್ಟ್ 1995ರಲ್ಲಿ ವಾದಿಸಿದರು. ತಿರುಪಿನ ಆಂಕರುಗಳನ್ನು ನೆಟ್ಟಗೆ ಕೂರಿಸಿದರೇ ಹಿಡಿತ ಹೆಚ್ಚೆಂದು ತೋರಿಸಿದ ಪ್ರಯೋಗಗಳು ಆಮೇಲೆ ಬಂದವು.

ವಸ್ತುವಿನ ವಿಷಯದಲ್ಲೂ ಸರ್ವಗುಣಸಂಪನ್ನ ಯಾವುದೂ ಇಲ್ಲ. ಲೋಹದ ಆಂಕರ್ ಸಡಿಲಗೊಂಡು ಹೊರಚಾಚಿದರೆ ಕೀಲಿನ ಮೃದ್ವಸ್ಥಿಯನ್ನು ಗೀರುತ್ತದೆ, ಎಂಆರ್‌ಐ ಚಿತ್ರವನ್ನೂ ಕೆಡಿಸುತ್ತದೆ. ಕರಗುವ ಪಾಲಿಮರ್ ಕೆಲವರಲ್ಲಿ ಸುತ್ತಲಿನ ಮೂಳೆಯನ್ನು ತಿಂದು ಪೊಳ್ಳು ಮಾಡಿದೆ. ಪೀಕ್ (PEEK) ಎಂಬ ಗಟ್ಟಿ ಪ್ಲಾಸ್ಟಿಕ್ ಚಿತ್ರಕ್ಕೆ ಅಡ್ಡಿಯಾಗುವುದಿಲ್ಲ, ಆದರೆ ಕರಗುವುದೂ ಇಲ್ಲ. ಬರೀ ದಾರದಿಂದಲೇ ಮಾಡಿದ ಆಂಕರಿಗೆ ಚಿಕ್ಕ ರಂಧ್ರ ಸಾಕು, ಮೂಳೆ ಉಳಿಯುತ್ತದೆ. ಆದರೆ ಅದು ನೆಚ್ಚಿಕೊಂಡಿರುವುದು ಮೂಳೆಯ ಹೊರಪದರವನ್ನು, ಅದು ತೆಳುವಾಗಿದ್ದರೆ ಕಷ್ಟ.

ನಮ್ಮಲ್ಲಿ ವಿನ್ಯಾಸವೆಂದರೆ ವಿದೇಶಿ ಮಾದರಿಯೊಂದನ್ನು ತಂದು ಅಳತೆ ತೆಗೆಯುವುದೆಂಬ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ತಿರುಪಿನ ಸುರುಳಿಗಳ ನಡುವಿನ ಅಂತರ, ಆಳ ನಕಲಾಗುತ್ತವೆ. ಆ ಅಂತರವನ್ನು ಯಾರ ಮೂಳೆಗಾಗಿ ಆರಿಸಿದ್ದರೆಂಬುದು ನಕಲಾಗುವುದಿಲ್ಲ. ಬೆಲೆ ಕಡಿಮೆಯಾಗಲಿ, ಬೇಡ ಎಂದವರಾರು? ಆದರೆ ಖರೀದಿಸುವ ಆಸ್ಪತ್ರೆಗಳು ಟೆಂಡರಿನಲ್ಲಿ ಬೆಲೆಯ ಜೊತೆಗೆ ಮೆತ್ತನೆಯ ಫೋಮ್‌ನ ಫಲಿತಾಂಶವನ್ನೂ, ಸಾವಿರಾರು ಸಲ ಎಳೆದ ಮೇಲೆ ಆಂಕರ್ ಎಷ್ಟು ಸರಿಯಿತೆಂಬುದನ್ನೂ ಕೇಳಿದರೆ ತಯಾರಕರು ತಾವಾಗಿಯೇ ದಾರಿಗೆ ಬರುತ್ತಾರೆ. ಇಂಥ ಸಾಧನಗಳಿಗೆ ಪರವಾನಗಿ ಕಡ್ಡಾಯವಾಗಿದೆ. ಅದು ಒಳ್ಳೆಯದೇ. ಆದರೆ ಪರವಾನಗಿ ಪಡೆದ ಎರಡು ಆಂಕರ್‌ಗಳಲ್ಲಿ ಯಾವುದು ಅಜ್ಜಿಯ ಭುಜಕ್ಕೆ ಸರಿ ಎಂದು ಪರವಾನಗಿ ಪತ್ರ ಹೇಳುವುದಿಲ್ಲ.

ಓದುಗರಿಗೂ ಒಂದು ಮಾತು. ಆಂಕರಿನ ಪೊಟ್ಟಣದ ಮೇಲೆ ತಯಾರಕರ ಹೆಸರು, ಅಳತೆ, ಲಾಟ್ ಸಂಖ್ಯೆ ಇರುವ ಚೀಟಿ ಇರುತ್ತದೆ. ಅದರ ಒಂದು ಪ್ರತಿಯನ್ನು ನಿಮ್ಮ ಡಿಸ್ಚಾರ್ಜ್ ಪತ್ರಕ್ಕೆ ಅಂಟಿಸಿಕೊಡುವಂತೆ ಕೇಳಿ. ಮುಂದೆ ಎಂದಾದರೂ ಆಂಕರನ್ನು ಹೊರತೆಗೆಯಬೇಕಾಗಿ ಬಂದರೆ, ಒಂದು ಕಂಪನಿಯ ತಿರುಪಿಗೆ ಇನ್ನೊಂದು ಕಂಪನಿಯ ಸ್ಕ್ರೂಡ್ರೈವರ್ ಹಲವು ಸಲ ಕೂರುವುದಿಲ್ಲ.

ಇಂತಿ,
ನಿವೃತ್ತ ಗುಣಮಟ್ಟ ತಪಾಸಕ, ಪೀಣ್ಯ, ಬೆಂಗಳೂರು