ಮರಳಿ ಬಿಟ್ಟ ಮೀನೆಲ್ಲ ಬದುಕುವುದಿಲ್ಲ

ಮಾನ್ಯ ಸಂಪಾದಕರೇ,

ಸರೋವರಗಳಲ್ಲಿ ನಿಧಾನವಾಗಿ ಸಾಗುವ ದೋಣಿಯ ಹಿಂದೆ ಲೂರ್‌ (ಮೀನನ್ನು ಸೆಳೆಯುವ ಕೃತಕ ಎರೆ) ಎಳೆಯುತ್ತ ಮೀನು ಹಿಡಿಯುವ ಟ್ರೋಲಿಂಗ್‌ ಹವ್ಯಾಸದ ಬಗ್ಗೆ ತಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಲೂರ್‌ಗಳ ಬಣ್ಣ, ಆಕಾರಗಳ ವರ್ಣನೆಗೆ ಧಾರಾಳವಾಗಿ ಜಾಗ ಕೊಟ್ಟಿರುವ ಲೇಖಕರು ಆಳದ ವಿಚಾರವನ್ನು ಒಂದೆರಡು ಸಾಲುಗಳಲ್ಲೇ ಮುಗಿಸಿದ್ದಾರೆ. ಹಿಡಿದ ಮೀನನ್ನು ಮರಳಿ ನೀರಿಗೆ ಬಿಟ್ಟರೆ ಅದಕ್ಕೆ ಯಾವ ಹಾನಿಯೂ ಇಲ್ಲವೆಂಬ ಅವರ ಮಾತನ್ನು ಒಪ್ಪಲಾಗದಿರುವುದಕ್ಕೂ ಆ ಆಳವೇ ಕಾರಣ.

ಬಣ್ಣಕ್ಕೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ನೀರು ಮೊದಲು ಹೀರಿಕೊಳ್ಳುವುದು ಕೆಂಪು ಬೆಳಕನ್ನೇ ಆದ್ದರಿಂದ, ಅಂಗಡಿಯಲ್ಲಿ ಕಣ್ಣು ಕೋರೈಸುವ ಸಾಮಾನ್ಯ ಕೆಂಪು ಲೂರ್‌ ಇಪ್ಪತ್ತು ಮೀಟರ್‌ ಕೆಳಗೆ ಬರೀ ಕಪ್ಪಾಗಿ ಕಾಣುತ್ತದೆ. ಸಮಶೀತೋಷ್ಣ ಪ್ರದೇಶದ ಆಳವಾದ ಸರೋವರಗಳಲ್ಲಿ ಬೇಸಿಗೆ ಬಂದಾಗ ಬೆಚ್ಚಗಿನ ನೀರು ಮೇಲೆ, ತಣ್ಣೀರು ಕೆಳಗೆ ನಿಂತು, ನಡುವೆ ಉಷ್ಣತೆ ತಟ್ಟನೆ ಇಳಿಯುವ ಥರ್ಮೊಕ್ಲೈನ್‌ ಎಂಬ ಪದರ ಏರ್ಪಡುತ್ತದೆ. ಸುಮಾರು 10 ಡಿಗ್ರಿ ಸೆಲ್ಸಿಯಸ್‌ ನೀರನ್ನು ಬಯಸುವ ಲೇಕ್‌ ಟ್ರೌಟ್‌ ಮೀನು ಆಗ ಕೆಳಗಿಳಿಯುತ್ತದೆ. ಮೇಲ್ಪದರದಲ್ಲಿ ಎಷ್ಟೇ ಚೆಂದದ ಲೂರ್‌ ಎಳೆದರೂ ಅದು ಮೀನಿಲ್ಲದ ನೀರಿನಲ್ಲಿ ಮಾಡುವ ವಿಹಾರವಷ್ಟೇ.

ಅಷ್ಟು ಆಳಕ್ಕೆ ಲೂರ್‌ ಇಳಿಸಲು ಡೌನ್‌ರಿಗ್ಗರ್‌ ಬಳಸುತ್ತಾರೆ. 1966ರಲ್ಲಿ ಅಮೆರಿಕದ ಮಿಷಿಗನ್‌ ಸರೋವರವನ್ನು ಸೇರುವ ಹೊಳೆಗಳಿಗೆ ಕೋಹೋ ಸಾಲ್ಮನ್‌ ಮರಿಗಳನ್ನು ಬಿಟ್ಟ ಮೇಲೆ ಆ ಭಾಗದ ದೋಣಿಗಳಲ್ಲಿ ಈ ಸಾಧನದ ಬಳಕೆ ವ್ಯಾಪಕವಾಯಿತು. ಉಕ್ಕಿನ ತಂತಿಯ ತುದಿಗೆ ನಾಲ್ಕೈದು ಕಿಲೋ ತೂಕದ ಗುಂಡು. ಗಾಳದ ದಾರವನ್ನು ಅದರ ಬಳಿಯ ಕ್ಲಿಪ್ಪಿಗೆ ಸಿಕ್ಕಿಸಿ ಇಳಿಸಿದಾಗ ದೋಣಿಯಲ್ಲಿರುವ ಗಾಳದ ಕೋಲು ಬಿಲ್ಲಿನಂತೆ ಬಾಗಿ ನಿಲ್ಲುತ್ತದೆ. ಮೀನು ಕಚ್ಚಿದೊಡನೆ ದಾರ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ, ಕೋಲು ಫಕ್ಕನೆ ನೆಟ್ಟಗಾಗುತ್ತದೆ, ಮರುಕ್ಷಣ ಮತ್ತೆ ಬಾಗುತ್ತದೆ. ದೋಣಿಯ ವೇಗದ ಬಗ್ಗೆ ಲೇಖನದಲ್ಲಿ ಬಂದಿರುವುದು ಸರಿಯಾಗಿಯೇ ಇದೆ. ಅದರ ಜೊತೆಗೆ ದೋಣಿ ತಿರುಗುವಾಗ ಒಳಬದಿಯ ಲೂರ್‌ ನಿಧಾನವಾಗುತ್ತದೆ, ಹೊರಬದಿಯದು ವೇಗ ಪಡೆಯುತ್ತದೆ ಎಂಬುದನ್ನೂ ಹೇಳಬಹುದಿತ್ತು. ಯಾವ ಬದಿಯ ಕೋಲಿಗೆ ಮೀನು ಬೀಳುತ್ತದೆಂದು ಗಮನಿಸಿದರೆ ವೇಗ ತಗ್ಗಿಸಬೇಕೋ ಹೆಚ್ಚಿಸಬೇಕೋ ತಿಳಿಯುತ್ತದೆ.

ಮೀನನ್ನು ಮರಳಿ ಬಿಡುವ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. 10 ಮೀಟರ್‌ ಆಳದಲ್ಲಿ ಒತ್ತಡವು ಮೇಲ್ಮೈಯಲ್ಲಿ ಇರುವುದರ ಇಮ್ಮಡಿ, 20 ಮೀಟರ್‌ನಲ್ಲಿ ಮೂರು ಪಟ್ಟು. ವಾಲ್‌ಐ ಮತ್ತು ಪರ್ಚ್‌ ಜಾತಿಯ ಮೀನುಗಳ ಗಾಳಿಚೀಲಕ್ಕೆ (ನೀರಿನಲ್ಲಿ ತೇಲಲು ನೆರವಾಗುವ ಒಳಗಿನ ಚೀಲ) ಗಂಟಲಿನ ಕಡೆಗೆ ದಾರಿಯಿಲ್ಲದ ಕಾರಣ, ಬೇಗನೆ ಮೇಲಕ್ಕೆಳೆದಾಗ ಒಳಗಿನ ಗಾಳಿ ಹಿಗ್ಗಿ ಕಣ್ಣು ಹೊರಚಾಚಬಹುದು, ಜಠರವೇ ಬಾಯಿಗೆ ಬರಬಹುದು. ಅಂಥ ಮೀನನ್ನು ಎಷ್ಟೇ ಮೃದುವಾಗಿ ನೀರಿಗೆ ಬಿಟ್ಟರೂ ಕೆಳಗಿಳಿಯಲಾರದೆ ಹೊಟ್ಟೆ ಮೇಲಾಗಿ ತೇಲುತ್ತ ಹಕ್ಕಿಗಳ ಪಾಲಾಗುತ್ತದೆ. ಲೇಕ್‌ ಟ್ರೌಟ್‌ ಹಾಗಲ್ಲ. ಅದರ ಗಾಳಿಚೀಲದಿಂದ ಅನ್ನನಾಳಕ್ಕೆ ನಾಳವಿದ್ದು, ಮೇಲೆ ಬರುವಾಗ ಅದು ಗಾಳಿಯನ್ನು ಹೊರಬಿಡಬಲ್ಲದು. ದಾರದ ಪಕ್ಕದಲ್ಲಿ ಗುಳ್ಳೆಗಳೇಳುವುದು ದೋಣಿಯಿಂದಲೇ ಕಾಣಿಸುತ್ತದೆ. ಆದರೂ ಬೇಸಿಗೆಯ ಬೆಚ್ಚನೆಯ ಮೇಲ್ಪದರದಲ್ಲಿ ಸೆಣಸಿ ದಣಿದ ಟ್ರೌಟನ್ನು ಫೋಟೊಗಾಗಿ ಬಹಳ ಹೊತ್ತು ಹೊರಗೆ ಹಿಡಿದಿಟ್ಟರೆ ಅದು ಉಳಿಯುವ ಭರವಸೆಯಿಲ್ಲ.

ಆದ್ದರಿಂದ ಮೀನನ್ನು ಬಿಡುವುದೋ ಇಟ್ಟುಕೊಳ್ಳುವುದೋ ಎಂಬುದನ್ನು ಲೂರ್‌ ಇಳಿಸುವ ಮೊದಲೇ ತೀರ್ಮಾನಿಸಬೇಕು. ಹತ್ತು ಮೀಟರಿಗಿಂತ ಕೆಳಗೆ ವಾಲ್‌ಐ ಹಿಡಿಯುವವರು ನಿಯಮದ ಮಿತಿಯೊಳಗೆ ಊಟಕ್ಕೆ ಬೇಕಾದಷ್ಟನ್ನು ಹಿಡಿದು ಅಲ್ಲಿಗೇ ನಿಲ್ಲಿಸುವುದು ಲೇಸು. ಇಟ್ಟುಕೊಳ್ಳಲು ಅನುಮತಿಯಿಲ್ಲದ ಸಣ್ಣ ಮೀನುಗಳೇ ಮೇಲಿಂದ ಮೇಲೆ ಸಿಗುತ್ತಿದ್ದರೆ ಆ ಜಾಗ ಬಿಟ್ಟು ಕಡಿಮೆ ಆಳದ ಕಡೆಗೆ ದೋಣಿ ತಿರುಗಿಸಬೇಕು. ತೇಲುವ ಮೀನನ್ನು ಭಾರ ಕಟ್ಟಿದ ಹಿಡಿಕೆಯ ನೆರವಿನಿಂದ ಆಳಕ್ಕೆ ಮರಳಿಸುವ ಸಾಧನಗಳಿವೆ. ಗಾಳಿಚೀಲಕ್ಕೆ ಸೂಜಿ ಚುಚ್ಚುವುದನ್ನು ಮಾತ್ರ ತರಬೇತಿಯಿಲ್ಲದವರು ಮಾಡಬಾರದು.

ಇದೇ ಲೇಖನಮಾಲೆಯ ಮುಂದಿನ ಕಂತಿನಲ್ಲಿ ಪ್ರತಿ ಮೀನಿನ ಹೆಸರಿನ ಮುಂದೆ ಲೂರ್‌ನ ಬಣ್ಣದ ಜೊತೆಗೆ ಅದು ಸಿಗುವ ಆಳವನ್ನೂ, ಆ ಆಳದಿಂದ ತಂದು ಬಿಟ್ಟರೆ ಬದುಕುತ್ತದೆಯೇ ಎಂಬುದನ್ನೂ ನಮೂದಿಸಬೇಕೆಂದು ಕೋರುತ್ತೇನೆ.

ಇತಿ,
ಹವ್ಯಾಸಕ್ಕೆ ಗಾಳ ಹಾಕುವ ಒಬ್ಬ ಓದುಗ