ಹಾಡಿನ ಜತೆ ಬರೆದವರ ಹೆಸರೂ ಬರಲಿ

ಮಾನ್ಯ ಸಂಪಾದಕರೇ,

ಕ್ಯಾಸೆಟ್ ಕಾಲದಲ್ಲಿ ನಾನು ಬರೆದು ರಾಗ ಹಾಕಿದ್ದ ಶರಣಬಸವೇಶ್ವರ ಜಾತ್ರೆಯ ಹಾಡು ಮೊನ್ನೆ ಆಳಂದದ ಚಹಾದಂಗಡಿಯ ರೇಡಿಯೊದಲ್ಲಿ ಬಂತು. ಮುಗಿದ ಮೇಲೆ ನಿರೂಪಕಿ ‘ಸಾಂಪ್ರದಾಯಿಕ ಜನಪದ ಗೀತೆ’ ಎಂದರು. ಕೈಯಲ್ಲಿದ್ದ ಚಹಾ ಹಾಗೇ ಆರಿಹೋಯಿತು. ಎರಡನೇ ನುಡಿಯಲ್ಲಿ ತೊಗರಿ ಹೊಲದ ಮಾತು ಬರುತ್ತದಲ್ಲ, ಅದು ನಮ್ಮವ್ವ ರಾಶಿ ಮಾಡುವಾಗ ಆಡುತ್ತಿದ್ದ ಮಾತು.

ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಗಿ 31ಡಿ ಕಲಂ ಸೇರಿತು. ಪ್ರಕಟವಾದ ಹಾಡನ್ನು ಮುಂಚಿತವಾಗಿ ನೋಟಿಸ್ ಕೊಟ್ಟು, ನಿಗದಿಯಾದ ರಾಯಧನ ತೆತ್ತು ಪ್ರಸಾರ ಮಾಡಲು ಅದರಲ್ಲಿ ಅವಕಾಶವಿದೆ. ರೇಡಿಯೊಗೆ ಒಂದು ದರ, ಟಿ.ವಿ.ಗೆ ಬೇರೆ. ಲೆಕ್ಕ ಇಡಬೇಕು, ಹಾಡು ಕಟ್ಟಿದವರ ಮತ್ತು ಮುಖ್ಯ ಗಾಯಕರ ಹೆಸರನ್ನು ಪ್ರಸಾರದೊಂದಿಗೇ ಹೇಳಬೇಕು ಎಂದೂ ಅದೇ ಕಲಂನಲ್ಲಿದೆ. ಹೆಸರನ್ನೇ ಅಳಿಸಿದರೆ ರಾಯಧನ ಯಾರ ಮನೆ ಬಾಗಿಲಿಗೆ ಹೋಗಬೇಕು?

ಆ ಕ್ಯಾಸೆಟ್ ಮಾಡಿದವರಿಂದ ಆಗ ನನ್ನ ಕೈಗೆ ಬಂದದ್ದು 800 ರೂಪಾಯಿ. ಸಹಿ ಮಾಡಿದ ಕಾಗದದ ಪ್ರತಿಯನ್ನೂ ಕೊಡಲಿಲ್ಲ. ಹಾಡಿದ ಹೆಣ್ಣುಮಗಳು ಈಗಲೂ ಕೂಲಿಗೆ ಹೋಗುತ್ತಾಳೆ.

ಗೀತರಚನೆಕಾರರು, ಸಂಯೋಜಕರ ಪರವಾಗಿ ರಾಯಧನ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆ ಮುಂಬೈನಲ್ಲಿದೆ. ಅದರ ಸದಸ್ಯರಾಗಬೇಕೆಂಬುದೇ ನಮ್ಮ ಭಾಗದ ಎಷ್ಟೋ ಭಜನಾ ಮೇಳದವರಿಗೆ, ತತ್ವಪದಕಾರರಿಗೆ ತಿಳಿದಿಲ್ಲ. ನನಗೂ ತಿಳಿದದ್ದು ಹೋದ ವರ್ಷ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಲಬುರಗಿಯ ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ಒಂದು ದಿನ ನೋಂದಣಿ ಶಿಬಿರ ನಡೆಸಲಿ. ಹಳೆಯ ಕ್ಯಾಸೆಟ್ ಕವರುಗಳನ್ನು ನಾವು ತರುತ್ತೇವೆ, ಅವುಗಳ ಮೇಲೆ ನಮ್ಮ ಹೆಸರು ಇನ್ನೂ ಇದೆ.

– ಒಬ್ಬ ಹಾರ್ಮೋನಿಯಂ ವಾದಕ, ಆಳಂದ, ಕಲಬುರಗಿ ಜಿಲ್ಲೆ